‘ಅನ್‌ಸೇಫ್’ ಎಂದು ಬರೆದ ಮೇಲೆ ಇನ್ನೇನು ಬರೆಯಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ರಾ ಪಾಯಿಂಟರ್‌ಗಳ ಬಗೆಗಿನವೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೊಸದಾಗಿ ಓದುತ್ತಿರುವವರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರಸ್ಟ್‌ನಲ್ಲಿ ದಿನನಿತ್ಯ ಬಳಸುವ ರೆಫರೆನ್ಸ್‌ಗಳು ಬದುಕಿರುವ ಮೌಲ್ಯವನ್ನೇ ತೋರಿಸುತ್ತವೆ ಎಂಬುದನ್ನು ಕಂಪೈಲರ್ ತಾನೇ ನೋಡಿಕೊಳ್ಳುತ್ತದೆ. ರಾ ಪಾಯಿಂಟರ್‌ಗೆ ಅಂಥ ಕಾವಲು ಇಲ್ಲ. ಅದು ಸಿ ಭಾಷೆಯ ಪಾಯಿಂಟರ್‌ನಂತೆ ಒಂದು ವಿಳಾಸ. ಆ ವಿಳಾಸವನ್ನು ಹುಟ್ಟಿಸುವುದಕ್ಕಾಗಲಿ, ಕೈಯಿಂದ ಕೈಗೆ ದಾಟಿಸುವುದಕ್ಕಾಗಲಿ ಯಾವ ಅಡ್ಡಿಯೂ ಇಲ್ಲ. ಆದರೆ ಅದರ ಮೂಲಕ ಮೆಮೊರಿಯನ್ನು ಓದಬೇಕಾದರೆ ಅಥವಾ ಬರೆಯಬೇಕಾದರೆ ಆ ಸಾಲನ್ನು ‘ಅನ್‌ಸೇಫ್’ ಬ್ಲಾಕಿನೊಳಗೆ ಇಡಬೇಕು, ಅಂದರೆ ಇಲ್ಲಿಂದ ಮುಂದಿನ ಹೊಣೆ ಕಂಪೈಲರಿನದಲ್ಲ, ನನ್ನದು ಎಂದು ಬರೆದವರು ಒಪ್ಪಿಕೊಳ್ಳಬೇಕು.

ಪ್ರಶ್ನೆ: ಸೆನ್ಸರ್ ಸಾಧನಗಳ ಸಿ ಲೈಬ್ರರಿಯೊಂದಕ್ಕೆ ರಸ್ಟ್‌ನಲ್ಲಿ ಹೊದಿಕೆ ಬರೆಯುವುದು ನನ್ನ ಕೆಲಸ. 32 ಬಿಟ್‌ನ ಅಳತೆಗಳ ವಿಳಾಸವನ್ನೂ ಅವುಗಳ ಎಣಿಕೆಯನ್ನೂ ಪಡೆದು, ಒಳಗೆ ಸ್ಟ್ಯಾಂಡರ್ಡ್ ಲೈಬ್ರರಿಯ ‘ಫ್ರಮ್ ರಾ ಪಾರ್ಟ್ಸ್’ ಬಳಸಿ ಸ್ಲೈಸ್ (ಸಾಲಾಗಿರುವ ಮೌಲ್ಯಗಳನ್ನು ಅವುಗಳ ಎಣಿಕೆಯೊಂದಿಗೆ ತೋರಿಸುವ ರೆಫರೆನ್ಸ್) ಮಾಡಿಕೊಂಡು ಸರಾಸರಿ ಕೊಡುವ ಅನ್‌ಸೇಫ್ ಫಂಕ್ಷನ್ ಬರೆದಿದ್ದೇನೆ. ಅದರ ದಾಖಲೆಯ ಸೇಫ್ಟಿ ವಿಭಾಗದಲ್ಲಿ ‘ಪಾಯಿಂಟರ್ ಸರಿಯಾಗಿರಬೇಕು, ಎಚ್ಚರಿಕೆಯಿಂದ ಬಳಸಿ’ ಎಂದು ಬರೆದಿದ್ದೆ. ಇದರಿಂದ ಏನೂ ತಿಳಿಯುವುದಿಲ್ಲ ಎಂದು ನಮ್ಮ ಹಿರಿಯ ಸಹೋದ್ಯೋಗಿ ಹಿಂದಕ್ಕೆ ಕಳುಹಿಸಿದರು. ಹಾಗಾದರೆ ಏನು ಬರೆಯಬೇಕು? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ, ಅವರು ಆ ಸಾಲನ್ನು ಹಿಂದಕ್ಕೆ ಕಳುಹಿಸಿ ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ಜಮೀನಿನ ಕ್ರಯಪತ್ರದಲ್ಲಿ ‘ಜಮೀನು ಚೆನ್ನಾಗಿದೆ, ನೋಡಿಕೊಂಡು ಉಳುಮೆ ಮಾಡಿ’ ಎಂದಷ್ಟೇ ಬರೆದರೆ ಅದನ್ನು ಯಾರೂ ಪತ್ರವೆಂದು ಒಪ್ಪುವುದಿಲ್ಲ. ಸರ್ವೆ ನಂಬರ್ ಯಾವುದು, ವಿಸ್ತೀರ್ಣ ಎಷ್ಟು, ಪೂರ್ವಕ್ಕೇನು, ಪಶ್ಚಿಮಕ್ಕೇನು ಎಂಬ ಚಕ್ಕುಬಂದಿ ಬೇಕು. ಪಾಯಿಂಟರ್ ಪಡೆಯುವ ಫಂಕ್ಷನ್ನಿನ ಸೇಫ್ಟಿ ವಿಭಾಗವೂ ಅಂಥದೇ ಪತ್ರ. ಅದನ್ನು ಓದುವವರು ನಿಮ್ಮ ಫಂಕ್ಷನ್ನನ್ನು ಕರೆಯಲಿರುವವರು. ಅವರು ಪ್ರತಿಯೊಂದು ಷರತ್ತನ್ನೂ ತಮ್ಮ ಕೋಡಿನ ಪಕ್ಕದಲ್ಲಿಟ್ಟು ಇದು ನನ್ನಲ್ಲಿ ಪೂರೈಕೆಯಾಗಿದೆ, ಇದು ಆಗಿಲ್ಲ ಎಂದು ಗುರುತು ಹಾಕುವಂತಿರಬೇಕು. ‘ಸರಿಯಾಗಿರಬೇಕು’ ಎಂಬುದನ್ನು ಯಾವುದರ ಪಕ್ಕದಲ್ಲಿಟ್ಟೂ ನೋಡಲಾಗುವುದಿಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ ಫ್ರಮ್ ರಾ ಪಾರ್ಟ್ಸ್ ಫಂಕ್ಷನ್ನಿನ ಸೇಫ್ಟಿ ವಿಭಾಗವನ್ನೇ ಓದುವುದು. ಅದು ನಿಮ್ಮಿಂದ ಏನೇನು ಕೇಳುತ್ತದೋ ಅದಷ್ಟನ್ನೂ ನೀವು ನಿಮ್ಮನ್ನು ಕರೆಯುವವರಿಂದ ಕೇಳಬೇಕು, ಇಲ್ಲವೇ ಒಳಗೆ ನೀವೇ ಪರೀಕ್ಷಿಸಿ ಪೂರೈಸಬೇಕು. ಮೂರನೆಯ ದಾರಿ ಇಲ್ಲ. ಹಾಗೆ ಓದಿ, ನಿಮ್ಮ ಫಂಕ್ಷನ್ನಿಗೆ ಇಳಿಸಿ ಬರೆದರೆ ಪಠ್ಯ ಸುಮಾರಾಗಿ ಹೀಗಾಗುತ್ತದೆ:

‘ಕರೆಯುವವರು ಈ ಕೆಳಗಿನ ಎಲ್ಲವನ್ನೂ ಖಾತರಿಪಡಿಸಬೇಕು. ವಿಳಾಸವು ನಲ್ ಆಗಿರಬಾರದು, ಎಣಿಕೆ ಸೊನ್ನೆಯಾಗಿದ್ದಾಗಲೂ ಆಗಿರಬಾರದು. ವಿಳಾಸವು 32 ಬಿಟ್ ಪೂರ್ಣಾಂಕಕ್ಕೆ ಬೇಕಾದಂತೆ ಅಲೈನ್ ಆಗಿರಬೇಕು. ಅಲ್ಲಿಂದ ಆರಂಭಿಸಿ ಎಣಿಕೆಯ ನಾಲ್ಕರಷ್ಟು ಬೈಟ್‌ಗಳು ಓದಲು ಯೋಗ್ಯವಾಗಿರಬೇಕು, ಅವೆಲ್ಲವೂ ಒಂದೇ ಅಲೊಕೇಶನ್ನಿಗೆ ಸೇರಿರಬೇಕು ಮತ್ತು ಅವುಗಳ ಒಟ್ಟು ಗಾತ್ರ ಐಸೈಜ಼್ ಮಾದರಿಯ ಗರಿಷ್ಠ ಮೌಲ್ಯವನ್ನು ಮೀರಿರಬಾರದು. ಅಷ್ಟೂ ಅಳತೆಗಳಿಗೆ ಮೊದಲೇ ಮೌಲ್ಯ ತುಂಬಿರಬೇಕು. ಈ ಫಂಕ್ಷನ್ ಹಿಂತಿರುಗುವವರೆಗೆ ಆ ಮೆಮೊರಿಗೆ ಯಾರೂ, ಬೇರೆ ಥ್ರೆಡ್ ಕೂಡ, ಬರೆಯಬಾರದು.’

ಇಲ್ಲಿ ನಲ್ ಎಂದರೆ ಯಾವುದನ್ನೂ ತೋರಿಸದ ವಿಳಾಸ. ಅಲೈನ್ ಆಗಿರುವುದೆಂದರೆ ವಿಳಾಸವು ಆ ಮಾದರಿಗೆ ಗೊತ್ತಾದ ಸಂಖ್ಯೆಯಿಂದ, ಇಲ್ಲಿ ಸಾಮಾನ್ಯವಾಗಿ ನಾಲ್ಕರಿಂದ, ಭಾಗವಾಗುವುದು. ಅಲೊಕೇಶನ್ ಎಂದರೆ ಒಂದೇ ಸಲಕ್ಕೆ ಪಡೆದ ಮೆಮೊರಿಯ ತುಂಡು. ಐಸೈಜ಼್ ಎಂದರೆ ವಿಳಾಸದಷ್ಟೇ ಅಗಲದ, ಋಣ ಸಂಖ್ಯೆಯನ್ನೂ ಹಿಡಿಯುವ ಪೂರ್ಣಾಂಕ. ಥ್ರೆಡ್ ಎಂದರೆ ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಎಳೆ. ಈ ಪಠ್ಯದ ಒಂದೊಂದು ವಾಕ್ಯವೂ ಏಕೆ ಬೇಕು ಎಂಬುದು ಗೊತ್ತಿದ್ದರೆ ಮುಂದಿನ ಫಂಕ್ಷನ್ನಿಗೆ ನೀವೇ ಬರೆಯಬಲ್ಲಿರಿ. ನಲ್ ಮತ್ತು ಸೊನ್ನೆಯ ಮಾತನ್ನು ನಾನು ಮೊದಲಿಗೆ ಇಟ್ಟಿರುವುದು ಬೇಕೆಂದೇ. ಸಿ ಲೈಬ್ರರಿಗಳಲ್ಲಿ ‘ಅಳತೆಗಳೇ ಇಲ್ಲ’ ಎಂಬುದನ್ನು ನಲ್ ಪಾಯಿಂಟರ್ ಮತ್ತು ಸೊನ್ನೆ ಎಣಿಕೆಯ ಜೋಡಿಯಾಗಿ ಕೊಡುವುದು ತೀರ ಸಾಮಾನ್ಯ, ಅಲ್ಲಿ ಅದು ತಪ್ಪೂ ಅಲ್ಲ. ಆದರೆ ರಸ್ಟ್‌ನ ಸ್ಲೈಸ್ ಎಂದೂ ನಲ್ ಆಗುವುದಿಲ್ಲ ಎಂದು ಕಂಪೈಲರ್ ನಂಬಿದೆ. ಆ ನಂಬಿಕೆಯ ಮೇಲೆಯೇ ಅದು ‘ಆಪ್ಷನ್’ ಮಾದರಿಯಲ್ಲಿ ‘ಏನೂ ಇಲ್ಲ’ ಎಂಬ ಸ್ಥಿತಿಯನ್ನು ನಲ್‌ನ ಜಾಗದಲ್ಲಿ ಇಟ್ಟು ಬೈಟ್‌ಗಳನ್ನು ಉಳಿಸುತ್ತದೆ. ನಲ್‌ನಿಂದ ಸ್ಲೈಸ್ ಕಟ್ಟಿದರೆ, ಒಂದು ಬೈಟನ್ನೂ ಓದದೆಯೇ ಆ ನಂಬಿಕೆ ಮುರಿದಿರುತ್ತದೆ. ನಿಮ್ಮ ಸಂದರ್ಭದಲ್ಲಿ ಆಚೆ ಬದಿಯಲ್ಲಿರುವುದು ಸಿ ಆಗಿರುವುದರಿಂದ, ಕರೆಯುವವರ ಮೇಲೆ ಈ ಹೊರೆ ಹಾಕದೆ, ಎಣಿಕೆ ಸೊನ್ನೆಯಾಗಿದ್ದರೆ ಒಳಗೇ ಬೇರೆ ದಾರಿ ಹಿಡಿಯುವುದು ಮೇಲು ಎಂದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ‘ಎಣಿಕೆ ಸೊನ್ನೆಯಾಗಿದ್ದರೆ ವಿಳಾಸ ನಲ್ ಆಗಿರಬಹುದು’ ಎಂದು ದಾಖಲೆಯಲ್ಲೂ ಬದಲಿಸಿ.

ಎಣಿಕೆ ಎಂದರೆ ಅಳತೆಗಳ ಎಣಿಕೆಯೇ ಬೈಟ್‌ಗಳ ಎಣಿಕೆಯೇ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಸಿ ಕಡೆಯಲ್ಲಿ ಎರಡೂ ರೂಢಿಗಳಿವೆ. 50 ಅಳತೆಗಳ ಬಫರನ್ನು ಕೊಟ್ಟವರು ಬೈಟ್‌ಗಳೆಂದು ತಿಳಿದು 200 ಎಂದು ಬರೆದರೆ, ನಿಮ್ಮ ಫಂಕ್ಷನ್ 800 ಬೈಟ್ ಓದುತ್ತದೆ. ಅದರಲ್ಲಿ 600 ಬೈಟ್ ಬೇರೆ ಯಾರದೋ ಮೆಮೊರಿ. ಕೊಟ್ಟ ಉದ್ದವನ್ನು ಹಾಗೆಯೇ ನಂಬಿದರೆ ಏನಾಗುತ್ತದೆ ಎಂಬುದನ್ನು 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಜಗತ್ತಿಗೆಲ್ಲ ತೋರಿಸಿತು: ಜಾಲದ ಸಂವಹನವನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಬಂದ ಸಂದೇಶವು ತನ್ನ ಉದ್ದ ಇಷ್ಟು ಎಂದು ಸುಳ್ಳು ಹೇಳಿದರೆ, ಸರ್ವರಿನ ಮೆಮೊರಿ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಹೊರಗೆ ಸೋರುತ್ತಿತ್ತು.

‘ಒಂದೇ ಅಲೊಕೇಶನ್’ ಎಂಬ ಮಾತು ಹಲವರಿಗೆ ಅತಿಯಾಗಿ ಕಾಣುತ್ತದೆ. ಎರಡು ಬಫರ್‌ಗಳು ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ಎರಡನ್ನೂ ಸೇರಿಸಿ ಓದಿದರೆ ತಪ್ಪೇನು ಎಂದು ಕೇಳುತ್ತಾರೆ. ಪಕ್ಕಪಕ್ಕದ ಎರಡು ಸರ್ವೆ ನಂಬರಿನ ಹೊಲಗಳ ನಡುವೆ ಬದು ಇಲ್ಲದಿದ್ದರೂ, ಒಂದರ ಪತ್ರ ಹಿಡಿದು ಇನ್ನೊಂದರಲ್ಲಿ ನೇಗಿಲು ಹೂಡಲು ಬರುವುದಿಲ್ಲವಷ್ಟೆ? ಆರಂಭದಲ್ಲಿ ಪಾಯಿಂಟರ್ ಒಂದು ವಿಳಾಸ ಎಂದಷ್ಟೇ ಹೇಳಿದ್ದೆ. ಇಲ್ಲಿ ಅದನ್ನು ತಿದ್ದಿಕೊಳ್ಳಬೇಕು. ಕಂಪೈಲರಿನ ದೃಷ್ಟಿಯಲ್ಲಿ ಪಾಯಿಂಟರ್‌ಗೆ ವಿಳಾಸದ ಜೊತೆಗೆ ‘ಪ್ರಾವೆನೆನ್ಸ್’ ಎಂಬ ಇನ್ನೊಂದು ಗುಣವೂ ಇದೆ. ಯಾವ ಅಲೊಕೇಶನ್ನಿನಿಂದ ಅದು ಹುಟ್ಟಿತೋ ಅಲ್ಲಿಗೆ ಮಾತ್ರ ಅದಕ್ಕೆ ಹಕ್ಕು, ಆ ಹಕ್ಕಿನ ಮೂಲಪತ್ರವೇ ಪ್ರಾವೆನೆನ್ಸ್. ಇದನ್ನು ನೇರವಾಗಿ ನಿಭಾಯಿಸುವ ಫಂಕ್ಷನ್‌ಗಳು 2025ರ ಜನವರಿಯ ರಸ್ಟ್ 1.84ರಲ್ಲಿ ಸ್ಥಿರಗೊಂಡಿವೆ.

ಇನ್ನು ಯಾರೂ ಬರೆಯಬಾರದು ಎಂಬ ಕೊನೆಯ ಷರತ್ತು. ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಇದೇ ಎಂದು ನನಗೆ ಅನ್ನಿಸುತ್ತದೆ. ಸೆನ್ಸರ್ ಲೈಬ್ರರಿಗಳು ಹಿನ್ನೆಲೆಯ ಥ್ರೆಡ್ಡೊಂದರಲ್ಲಿ ಹೊಸ ಅಳತೆಗಳನ್ನು ಅದೇ ಬಫರಿಗೆ ತುಂಬುತ್ತಿರುವುದುಂಟು. ಆಗ ವಿಳಾಸ, ಅಲೈನ್‌ಮೆಂಟ್, ಉದ್ದ ಎಲ್ಲವೂ ಸರಿಯಿದ್ದೂ ಸ್ಲೈಸ್ ಕಟ್ಟಿದ ಗಳಿಗೆಯಿಂದಲೇ ತಪ್ಪು ನಡೆಯುತ್ತಿರುತ್ತದೆ. ಆ ಥ್ರೆಡ್ಡನ್ನು ನಿಲ್ಲಿಸಬೇಕೆ, ಲಾಕ್ ಹಿಡಿಯಬೇಕೆ, ಬಫರಿನ ನಕಲು ತೆಗೆದುಕೊಳ್ಳಬೇಕೆ ಎಂಬುದು ಸಿ ಲೈಬ್ರರಿಯ ಕೈಪಿಡಿಯಲ್ಲಿದ್ದರೆ ಅದನ್ನೇ ಎತ್ತಿ ನಿಮ್ಮ ಸೇಫ್ಟಿ ವಿಭಾಗದಲ್ಲಿ ಬರೆಯಿರಿ. ಕೈಪಿಡಿಯಲ್ಲಿ ಇಲ್ಲದಿದ್ದರೆ ಸಿ ಕೋಡನ್ನು ಓದಿ ಕಂಡುಕೊಂಡ ಮೇಲಷ್ಟೇ ಬರೆಯಿರಿ.

ಇದು ಪತ್ರದ ಅರ್ಧ ಭಾಗ ಮಾತ್ರ. ಫಂಕ್ಷನ್ನಿನ ಮೇಲೆ, ಮೂರು ಓರೆಗೆರೆಗಳ ದಾಖಲೆ ಕಮೆಂಟಿನಲ್ಲಿ ಬರುವ ಸೇಫ್ಟಿ ವಿಭಾಗ ಷರತ್ತುಗಳನ್ನು ವಿಧಿಸುತ್ತದೆ. ಒಳಗೆ ಅನ್‌ಸೇಫ್ ಬ್ಲಾಕಿನ ಹಿಂದಿನ ಸಾಲಿನಲ್ಲಿ, ಎರಡು ಓರೆಗೆರೆಗಳ ಸಾಮಾನ್ಯ ಕಮೆಂಟಿನಲ್ಲಿ ಬರುವ ‘ಸೇಫ್ಟಿ’ ಎಂಬ ಟಿಪ್ಪಣಿ ಆ ಷರತ್ತುಗಳು ಇಲ್ಲಿ ಹೇಗೆ ಪೂರೈಕೆಯಾಗಿವೆ ಎಂದು ಸಾಕ್ಷಿ ಹೇಳುತ್ತದೆ. ಮೊದಲನೆಯದು ಕರಾರು, ಎರಡನೆಯದು ರುಜುವಾತು. ಇವೆರಡನ್ನೂ ಒಂದೇ ಎಂದು ತಿಳಿದು, ಬ್ಲಾಕಿನ ಮೇಲೆ ‘ಪಾಯಿಂಟರ್ ನಲ್ ಆಗಿರಬಾರದು’ ಎಂದು ಮತ್ತೆ ಕರಾರನ್ನೇ ಬರೆಯುವುದು ನಾನು ರಿವ್ಯೂಗಳಲ್ಲಿ ಪದೇ ಪದೇ ಕಾಣುವ ತಪ್ಪು. ಅಲ್ಲಿ ಇರಬೇಕಾದದ್ದು ‘ಎಣಿಕೆ ಸೊನ್ನೆಯಲ್ಲ ಎಂದು ಮೇಲಿನ ಸಾಲಿನಲ್ಲಿ ಪರೀಕ್ಷಿಸಿದೆ, ವಿಳಾಸ ನಲ್ ಅಲ್ಲ, ಅಲೈನ್ ಆಗಿದೆ, ಓದಲು ಯೋಗ್ಯವಾಗಿದೆ ಎಂಬುದು ಕರೆಯುವವರ ಖಾತರಿ, ಈ ಸ್ಲೈಸ್ ಫಂಕ್ಷನ್ನಿನಿಂದ ಹೊರಗೆ ಹೋಗುವುದಿಲ್ಲವಾದ್ದರಿಂದ ಆ ಖಾತರಿಯ ಅವಧಿ ಸಾಕಾಗುತ್ತದೆ’ ಎಂಬಂಥ ವಿವರಣೆ.

ಕರಾರಿನಲ್ಲಿ ಒಂದೇ ಒಂದು ಷರತ್ತು ಬಿಟ್ಟುಹೋದರೆ ಎಷ್ಟು ದುಡಿಯಬೇಕಾಗುತ್ತದೆ ಎಂಬುದಕ್ಕೆ ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡಿದ ತಂಡದಲ್ಲಿ ರಸ್ಟ್‌ನ ‘ವೆಕ್’ (ಬೇಕಾದಂತೆ ಬೆಳೆಯುವ ಪಟ್ಟಿ) ಒಂದನ್ನು ಬಿಡಿಸಿ, ಅದರ ವಿಳಾಸ ಮತ್ತು ಉದ್ದವನ್ನು ಸಿ ಕಡೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ಅವೆರಡನ್ನೇ ಹಿಂದಕ್ಕೆ ಪಡೆದು ಮತ್ತೆ ವೆಕ್ ಕಟ್ಟಿ ಮೆಮೊರಿಯನ್ನು ಬಿಡುಗಡೆ ಮಾಡುತ್ತಿದ್ದರು. ಮತ್ತೆ ಕಟ್ಟುವಾಗ ಕೆಪ್ಯಾಸಿಟಿಯೂ, ಅಂದರೆ ಅದಕ್ಕೆಂದು ಪಡೆದಿದ್ದ ಒಟ್ಟು ಜಾಗದ ಲೆಕ್ಕವೂ, ಬೇಕು. ಅದು ಕೈಯಲ್ಲಿಲ್ಲದ ಕಾರಣ ಉದ್ದವನ್ನೇ ಕೆಪ್ಯಾಸಿಟಿ ಎಂದು ಕೊಟ್ಟಿದ್ದರು. 1,024 ಬೈಟ್‌ಗಳಿಗೆ ಜಾಗ ಪಡೆದಿದ್ದ ವೆಕ್ 600 ಬೈಟ್‌ಗಳದ್ದೆಂದು ಬಿಡುಗಡೆಯಾಗುತ್ತಿತ್ತು. ಲಿನಕ್ಸ್‌ನ ಸಾಮಾನ್ಯ ಅಲೊಕೇಟರ್ (ಮೆಮೊರಿಯನ್ನು ಹಂಚಿ ಹಿಂದಕ್ಕೆ ಪಡೆಯುವ ವ್ಯವಸ್ಥೆ) ಬಿಡುಗಡೆಯ ಹೊತ್ತಿಗೆ ಗಾತ್ರವನ್ನು ಕೇಳುವುದೇ ಇಲ್ಲವಾದ್ದರಿಂದ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ವೇಗಕ್ಕೆಂದು ಗಾತ್ರವನ್ನು ನಂಬಿ ನಡೆಯುವ ಬೇರೊಂದು ಅಲೊಕೇಟರನ್ನು ಹಾಕಿದ ದಿನದಿಂದ, ಇದಕ್ಕೆ ಸಂಬಂಧವೇ ಇಲ್ಲದ ಜಾಗಗಳಲ್ಲಿ ಪ್ರೋಗ್ರಾಂ ಬೀಳತೊಡಗಿತು. ಬಿಡುಗಡೆ ಮಾಡುವ ಫಂಕ್ಷನ್ನಿನ ದಾಖಲೆಯಲ್ಲಿ ಇದ್ದದ್ದು ‘ಪಾಯಿಂಟರ್ ನಾವೇ ಕೊಟ್ಟದ್ದಾಗಿರಬೇಕು’ ಎಂಬ ಒಂದು ಸಾಲು. ವೆಕ್‌ನ ಫ್ರಮ್ ರಾ ಪಾರ್ಟ್ಸ್ ಕೇಳುವುದನ್ನೆಲ್ಲ, ಅಂದರೆ ಅದೇ ಅಲೊಕೇಟರ್, ಅದೇ ಅಲೈನ್‌ಮೆಂಟ್, ಅದೇ ಕೆಪ್ಯಾಸಿಟಿ ಎಂಬುದನ್ನು, ಅಲ್ಲಿ ಒಂದೊಂದಾಗಿ ಬರೆಯಲು ಕುಳಿತಿದ್ದರೆ ಮೂರನೆಯದರ ಹತ್ತಿರ ಬರುವಾಗಲೇ ಕೈ ನಿಲ್ಲುತ್ತಿತ್ತು. ದಾಖಲೆಯನ್ನು ಕೋಡ್ ಮುಗಿದ ಮೇಲೆ ಬರೆಯದೆ ಕೋಡಿನ ಜೊತೆಯಲ್ಲೇ ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಪ್ರಶ್ನೆ: ಫಂಕ್ಷನ್ನನ್ನೇ ಅನ್‌ಸೇಫ್ ಎಂದು ಘೋಷಿಸಿದ್ದೇನೆ. ಆದರೂ ರಸ್ಟ್‌ನ ಹೊಸ ಎಡಿಷನ್ನಿಗೆ (ಭಾಷೆಯ ನಿಯಮಗಳ ಹೊಸ ಕಂತಿಗೆ) ಬದಲಾಯಿಸಿದ ಮೇಲೆ ಒಳಗೆ ಮತ್ತೆ ಅನ್‌ಸೇಫ್ ಬ್ಲಾಕ್ ಬೇಕೆಂದು ಕಂಪೈಲರ್ ಎಚ್ಚರಿಸುತ್ತಿದೆ. ಇದು ಅನಗತ್ಯ ಪುನರುಕ್ತಿಯಲ್ಲವೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ಒಂದೇ ಪದಕ್ಕೆ ಎರಡು ಅರ್ಥಗಳಿದ್ದುದೇ ಗೊಂದಲದ ಮೂಲ. ಫಂಕ್ಷನ್ನಿನ ಮುಂದೆ ಬರುವ ಅನ್‌ಸೇಫ್ ‘ನನ್ನನ್ನು ಕರೆಯಲು ಷರತ್ತುಗಳಿವೆ’ ಎನ್ನುತ್ತದೆ. ಬ್ಲಾಕಿನ ಮುಂದೆ ಬರುವ ಅನ್‌ಸೇಫ್ ‘ಷರತ್ತುಗಳನ್ನು ನಾನು ಪೂರೈಸಿದ್ದೇನೆ’ ಎನ್ನುತ್ತದೆ. ಹಳೆಯ ಎಡಿಷನ್‌ಗಳಲ್ಲಿ ಮೊದಲನೆಯದನ್ನು ಬರೆದರೆ ಫಂಕ್ಷನ್ನಿನ ಇಡೀ ಒಡಲು ತಾನಾಗಿ ಎರಡನೆಯದೂ ಆಗಿಬಿಡುತ್ತಿತ್ತು. ಐವತ್ತು ಸಾಲಿನ ಫಂಕ್ಷನ್ನಿನಲ್ಲಿ ನಿಜವಾಗಿ ಅಪಾಯದ ಸಾಲು ಯಾವುದು ಎಂಬುದು ಓದುವವರಿಗೆ ಕಾಣುತ್ತಿರಲಿಲ್ಲ, ರುಜುವಾತು ಬರೆಯಲು ಜಾಗವೂ ಇರುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ರಸ್ಟ್ 1.85ರ ಜೊತೆಗೆ ಬಂದ 2024ರ ಎಡಿಷನ್ ಈ ಎಚ್ಚರಿಕೆಯನ್ನು ಪೂರ್ವನಿಯೋಜಿತವಾಗಿ ಕೊಡುತ್ತದೆ. ಅದನ್ನು ಬಾಯಿ ಮುಚ್ಚಿಸಲು ಇಡೀ ಒಡಲನ್ನು ಒಂದೇ ಬ್ಲಾಕಿನಲ್ಲಿ ಸುತ್ತಿಬಿಡಬೇಡಿ. ಪಾಯಿಂಟರನ್ನು ಮುಂದಕ್ಕೆ ಸರಿಸುವ ಸಾಲಿಗೆ ಒಂದು ಬ್ಲಾಕ್, ಅದರಿಂದ ಓದುವ ಸಾಲಿಗೆ ಇನ್ನೊಂದು ಎಂದು ಬಿಡಿಸಿಡಿ, ಏಕೆಂದರೆ ಅವೆರಡರ ಷರತ್ತುಗಳು ಬೇರೆ. ‘ಆ್ಯಡ್’ ಎಂಬುದರಿಂದ ಸರಿಸುವಾಗ ಅದೇ ಅಲೊಕೇಶನ್ನಿನ ಒಳಗೆ ಅಥವಾ ಅದರ ಕೊನೆಯನ್ನು ಮುಟ್ಟಿದ ತುದಿಯಲ್ಲಿ ಇದ್ದರೆ ಸಾಕು. ಆ ತುದಿಯಲ್ಲಿ ನಿಂತು ಓದುವುದು ಮಾತ್ರ ಕೂಡದು. ಬ್ಲಾಕುಗಳಿಗೆ ಟಿಪ್ಪಣಿ ಇಲ್ಲದಿದ್ದರೆ ಎತ್ತಿ ತೋರಿಸುವ ಲಿಂಟ್ (ತಪಾಸಣೆಯ ನಿಯಮ) ರಸ್ಟ್ ಕೋಡನ್ನು ತಪಾಸಣೆ ಮಾಡುವ ಕ್ಲಿಪ್ಪಿ ಎಂಬ ಸಾಧನದಲ್ಲಿದೆ, ಆದರೆ ಅದನ್ನು ನೀವೇ ಚಾಲೂ ಮಾಡಬೇಕು. ಸಾರ್ವಜನಿಕ ಅನ್‌ಸೇಫ್ ಫಂಕ್ಷನ್ನಿಗೆ ಸೇಫ್ಟಿ ವಿಭಾಗವೇ ಇಲ್ಲದಿದ್ದರೆ ಎಚ್ಚರಿಸುವ ಇನ್ನೊಂದು ಲಿಂಟ್ ತಾನಾಗಿಯೇ ಚಾಲೂ ಇರುತ್ತದೆ. 2022ರ ಡಿಸೆಂಬರಿನ 6.1ನೇ ಆವೃತ್ತಿಯಿಂದ ರಸ್ಟ್‌ಗೆ ಜಾಗ ಕೊಟ್ಟಿರುವ ಲಿನಕ್ಸ್ ಕರ್ನಲ್ಲಿನ ಬರವಣಿಗೆಯ ನಿಯಮಗಳೂ ಪ್ರತಿ ಅನ್‌ಸೇಫ್ ಬ್ಲಾಕಿನ ಮುಂದೆ ಈ ಟಿಪ್ಪಣಿಯನ್ನು ಕೇಳುತ್ತವೆ; ಕರಾರಿನ ವಿಭಾಗವನ್ನೂ ರುಜುವಾತಿನ ಟಿಪ್ಪಣಿಯನ್ನೂ ಒಂದೆಂದು ತಿಳಿಯಬಾರದು ಎಂದು ಅಲ್ಲಿ ಬೇರೆಯಾಗಿಯೇ ಹೇಳಿದೆ.

ಪ್ರಶ್ನೆ: ನಮ್ಮ ತಂತ್ರಾಂಶದಲ್ಲಿ ಊರಿನ ಹೆಸರುಗಳು ಹಳೆಯ ಸಿ ಮಾಡ್ಯೂಲಿನಿಂದ ಬರುತ್ತವೆ. ಇಂಗ್ಲಿಷ್ ಹೆಸರುಗಳು ಸರಿಯಾಗಿಯೇ ಬರುತ್ತವೆ, ಕನ್ನಡದ ಹೆಸರುಗಳಲ್ಲಿ ಕೆಲವು ಕೊನೆಯಲ್ಲಿ ಕೆಟ್ಟು ಬರುತ್ತವೆ, ಒಮ್ಮೊಮ್ಮೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ಪಾಯಿಂಟರಿನಿಂದ ನೇರವಾಗಿ ಸ್ಟ್ರಿಂಗ್ ಮಾಡುವ ಅನ್‌ಸೇಫ್ ಸಾಲಿನ ಮೇಲೆ ‘ಸಿ ಸ್ಟ್ರಿಂಗ್ ಆದ್ದರಿಂದ ಸುರಕ್ಷಿತ’ ಎಂಬ ಟಿಪ್ಪಣಿ ಇದೆ. ತಪ್ಪು ಎಲ್ಲಿರಬಹುದು? — ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪು ಆ ಟಿಪ್ಪಣಿಯಲ್ಲೇ ಇದೆ, ಮತ್ತು ಅದು ಕನ್ನಡದಲ್ಲಿ ಬರೆಯುವವರೆಲ್ಲರೂ ತಿಳಿದಿರಬೇಕಾದ ತಪ್ಪು. ನೀವು ಕಳುಹಿಸಿದ ತುಣುಕಿನಲ್ಲಿ ಸಿ ಮಾಡ್ಯೂಲ್ 16 ಬೈಟ್‌ಗಳ ಬಫರಿಗೆ ‘ಎಸ್‌ಟಿಆರ್‌ಎನ್‌ಸಿಪಿವೈ’ ಎಂಬ ಸಿ ಫಂಕ್ಷನ್ ಬಳಸಿ ಹೆಸರನ್ನು ನಕಲು ಮಾಡುತ್ತದೆ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಕಣ್ಣಿಗೆ ನಾಲ್ಕು ಅಕ್ಷರವಾದರೂ ಯೂನಿಕೋಡಿನಲ್ಲಿ ಅದು ಕ, ರ, ವಿರಾಮ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ ಎಂಬ ಏಳು ಸಂಕೇತಗಳು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಹೀಗಾಗಿ ಒಟ್ಟು 21 ಬೈಟ್. 16 ಬೈಟ್‌ಗಳ ಬಫರಿನಲ್ಲಿ ಮೊದಲ ಐದು ಸಂಕೇತಗಳು 15 ಬೈಟ್ ಹಿಡಿಯುತ್ತವೆ, ಹದಿನಾರನೆಯ ಬೈಟಿನಲ್ಲಿ ‘ಟ’ದ ಮೊದಲ ಮೂರನೇ ಒಂದು ಭಾಗ ಮಾತ್ರ ಕೂರುತ್ತದೆ. ಅಷ್ಟೇ ಅಲ್ಲ, ಮೂಲ ಪಠ್ಯ ಉದ್ದವಾಗಿದ್ದಾಗ ಆ ಸಿ ಫಂಕ್ಷನ್, ಪಠ್ಯ ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ಕೊನೆಯ ಸೊನ್ನೆ ಬೈಟನ್ನು ಹಾಕುವುದೇ ಇಲ್ಲ. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಹದಿನೈದು ಅಕ್ಷರದವರೆಗಿನ ಊರುಗಳಿಗೆಲ್ಲ ಈ ತೊಂದರೆ ಕಾಣಲಿಲ್ಲ.

ಈಗ ಟಿಪ್ಪಣಿಯನ್ನು ಷರತ್ತುಗಳ ಪಕ್ಕದಲ್ಲಿಟ್ಟು ನೋಡಿ. ಸಿ ಪಾಯಿಂಟರಿನಿಂದ ‘ಸಿ-ಸ್ಟರ್’ (CStr) ಮಾದರಿಯನ್ನು ಮಾಡುವ ಫಂಕ್ಷನ್, ಕೊನೆಯಲ್ಲಿ ಸೊನ್ನೆ ಬೈಟ್ ಇರಬೇಕು, ಅಲ್ಲಿಯವರೆಗಿನ ಎಲ್ಲ ಬೈಟ್‌ಗಳೂ ಆ ಸೊನ್ನೆಯೂ ಒಂದೇ ಅಲೊಕೇಶನ್ನಿನಲ್ಲಿ ಓದಲು ಯೋಗ್ಯವಾಗಿರಬೇಕು ಎಂದು ಕೇಳುತ್ತದೆ. ನಿಮ್ಮ ಬಫರಿನಲ್ಲಿ ಸೊನ್ನೆ ಇಲ್ಲದಿದ್ದಾಗ ಅದು ಬಫರನ್ನು ದಾಟಿ, ಎಲ್ಲಾದರೂ ಸೊನ್ನೆ ಸಿಗುವವರೆಗೆ ಓದುತ್ತಾ ಹೋಗುತ್ತದೆ. ಪ್ರೋಗ್ರಾಂ ನಿಂತುಹೋಗುವುದು ಇದರಿಂದ. ಆಮೇಲೆ ಪರೀಕ್ಷೆಯಿಲ್ಲದೆ ಸ್ಟ್ರಿಂಗ್ ಮಾಡುವ ‘ಅನ್‌ಚೆಕ್ಡ್’ ಫಂಕ್ಷನ್, ಬೈಟ್‌ಗಳು ಸರಿಯಾದ ಯುಟಿಎಫ್-8 ಆಗಿರಬೇಕು ಎಂದು ಕೇಳುತ್ತದೆ. ಅರ್ಧ ‘ಟ’ ಅದನ್ನು ಮುರಿಯುತ್ತದೆ. ‘ಸಿ ಸ್ಟ್ರಿಂಗ್ ಆದ್ದರಿಂದ ಸುರಕ್ಷಿತ’ ಎಂಬ ಟಿಪ್ಪಣಿ ಈ ಎರಡರಲ್ಲಿ ಒಂದನ್ನೂ ಮುಟ್ಟಿಲ್ಲ.

ಪರಿಹಾರದಲ್ಲಿ ಅನ್‌ಸೇಫ್ ಬಹುಪಾಲು ಬೇಕಾಗುವುದಿಲ್ಲ. 16 ಬೈಟ್‌ಗಳ ಬಫರನ್ನು ಸ್ಲೈಸ್ ಆಗಿ ಪಡೆದು, ‘ಫ್ರಮ್ ಬೈಟ್ಸ್ ಅಂಟಿಲ್ ನಲ್’ ಎಂಬ ಸುರಕ್ಷಿತ ಫಂಕ್ಷನ್ನಿಗೆ ಕೊಡಿ. ಬಫರಿನೊಳಗೆ ಸೊನ್ನೆ ಸಿಗದಿದ್ದರೆ ಅದು ದೋಷವನ್ನು ಹಿಂತಿರುಗಿಸುತ್ತದೆ, ಗಡಿ ದಾಟುವುದಿಲ್ಲ. ಆಗ ಪೂರ್ತಿ 16 ಬೈಟ್‌ಗಳನ್ನು ಯುಟಿಎಫ್-8 ಪರೀಕ್ಷೆ ಮಾಡುವ ಸಾಮಾನ್ಯ ಫಂಕ್ಷನ್ನಿಗೆ ಕೊಟ್ಟರೆ, ಎಲ್ಲಿಯವರೆಗೆ ಸರಿಯಿದೆ ಎಂಬುದನ್ನು ದೋಷದ ಜೊತೆಗೆ ಅದೇ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 15 ಎನ್ನುತ್ತದೆ, ಅಲ್ಲಿಗೆ ಕತ್ತರಿಸಿದರೆ ‘ಕರ್ನಾ’ ಎಂದು ಉಳಿಯುತ್ತದೆ. ಅರ್ಧ ಹೆಸರೂ ಒಳ್ಳೆಯದಲ್ಲ, ನಿಜ. ಬಫರನ್ನು ಹಿಗ್ಗಿಸುವ ಕೆಲಸ ಸಿ ಕಡೆಯಲ್ಲಿ ಆಗಲೇಬೇಕು.

ಪ್ರಶ್ನೆ: ಎರಡು ವರ್ಷದಿಂದ ತೊಂದರೆಯಿಲ್ಲದೆ ಓಡುತ್ತಿರುವ ಕೋಡಿಗೆ ಈಗ ಕುಳಿತು ಸೇಫ್ಟಿ ಟಿಪ್ಪಣಿ ಬರೆಯುವುದರಿಂದ ಲಾಭವೇನು? — ಓದುಗರೊಬ್ಬರು, ಬೆಂಗಳೂರು

ಉತ್ತರ: ಓಡುತ್ತಿದೆ ಎಂಬುದು ರುಜುವಾತಲ್ಲ. ಪಾಯಿಂಟರ್ ಷರತ್ತು ಮುರಿದಾಗ ಉಂಟಾಗುವುದನ್ನು ‘ಅನ್‌ಡಿಫೈನ್ಡ್ ಬಿಹೇವಿಯರ್’ ಎನ್ನುತ್ತಾರೆ, ಅಂದರೆ ಪ್ರೋಗ್ರಾಂ ಏನು ಮಾಡಬೇಕು ಎಂಬ ಬಗ್ಗೆ ಭಾಷೆ ಯಾವ ಮಾತನ್ನೂ ಕೊಡುವುದಿಲ್ಲ. ಸರಿಯಾಗಿ ಓಡುವುದೂ ಅದರಲ್ಲಿ ಒಂದು ಸಾಧ್ಯತೆ. ಅಲೈನ್ ಆಗದ ವಿಳಾಸದಿಂದ ನಾಲ್ಕು ಬೈಟ್ ಓದುವುದನ್ನು ನಿಮ್ಮ ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಕಂಪೈಲರಿನ ಮುಂದಿನ ಆವೃತ್ತಿ ಅದೇ ಲೂಪನ್ನು, ಅಲೈನ್‌ಮೆಂಟ್ ಇದ್ದೇ ಇದೆ ಎಂದು ನಂಬಿ, ಹದಿನಾರು ಬೈಟ್‌ಗಳನ್ನು ಒಮ್ಮೆಗೇ ಎತ್ತುವ ಸೂಚನೆಗಳಿಗೆ ಬದಲಿಸಿದರೆ, ಸೋರ್ಸಿನ ಒಂದು ಅಕ್ಷರವೂ ಬದಲಾಗದೆ ಪ್ರೋಗ್ರಾಂ ಬೀಳಬಹುದು. ಟಿಪ್ಪಣಿ ಬರೆಯುವಾಗ ‘ಇದು ಅಲೈನ್ ಆಗಿದೆ, ಏಕೆಂದರೆ’ ಎಂದು ಆರಂಭಿಸಿ ‘ಏಕೆಂದರೆ’ ಎಂಬುದರ ಮುಂದೆ ಬರೆಯಲು ಏನೂ ಸಿಗದಿದ್ದರೆ ನಿಮಗೆ ದೋಷ ಸಿಕ್ಕಿತು ಎಂದೇ ಅರ್ಥ. ಅಲ್ಲಿ ‘ರೀಡ್ ಅನ್‌ಅಲೈನ್ಡ್’ ಬಳಸಿದರೆ ಆ ಷರತ್ತೇ ಇಲ್ಲವಾಗುತ್ತದೆ.

ಜೊತೆಗೆ ಟೆಸ್ಟ್‌ಗಳನ್ನು ಮಿರಿ ಎಂಬ ಸಾಧನದಲ್ಲಿ ಓಡಿಸಿ. ಅದು ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಯಾಗಿ ನಡೆಸುತ್ತಾ, ಗಡಿ ದಾಟಿದ ಓದು, ಬಿಡುಗಡೆಯಾದ ಮೆಮೊರಿಯ ಬಳಕೆ, ಮೌಲ್ಯ ತುಂಬದ ಬೈಟ್‌ಗಳು, ತಪ್ಪು ಅಲೈನ್‌ಮೆಂಟ್ ಮುಂತಾದುವನ್ನು ಆ ಸಾಲಿನಲ್ಲೇ ಹಿಡಿದು ತೋರಿಸುತ್ತದೆ. ಆದರೆ ನಿಮ್ಮ ಟೆಸ್ಟ್ ಹಾದುಹೋದ ದಾರಿಯನ್ನು ಮಾತ್ರ ಅದು ನೋಡಿರುತ್ತದೆ, ಸಿ ಲೈಬ್ರರಿಯ ಒಳಗೆ ಏನು ನಡೆಯಿತು ಎಂಬುದು ಬಹುಮಟ್ಟಿಗೆ ಅದರ ಕಣ್ಣಿಗೆ ಬೀಳುವುದಿಲ್ಲ. ನಡೆಯದ ದಾರಿಗಳಿಗೆ ಬರವಣಿಗೆಯಲ್ಲಿರುವ ರುಜುವಾತೇ ಆಧಾರ.

ಪ್ರಶ್ನೆ: ಫಂಕ್ಷನ್ನಿನೊಳಗೆ ನಲ್ ಪರೀಕ್ಷೆ ಮಾಡಿದ್ದೇನೆ. ಆದ್ದರಿಂದ ಪಾಯಿಂಟರ್ ಪಡೆದರೂ ಅದನ್ನು ಸುರಕ್ಷಿತ ಫಂಕ್ಷನ್ ಎಂದೇ ಬಿಡಬಹುದೇ? ಸೇಫ್ಟಿ ವಿಭಾಗ ಬರೆಯುವ ಶ್ರಮ ಉಳಿಯುತ್ತದೆ. — ಓದುಗರೊಬ್ಬರು, ಮಂಗಳೂರು

ಉತ್ತರ: ಬಿಡಬಾರದು. ನಲ್ ಅಲ್ಲದ ವಿಳಾಸಗಳೆಲ್ಲ ಒಳ್ಳೆಯವಲ್ಲ. 1 ಎಂಬ ಸಂಖ್ಯೆಯನ್ನು ಪಾಯಿಂಟರ್ ಮಾಡಿ ಕೊಟ್ಟರೂ ನಿಮ್ಮ ಪರೀಕ್ಷೆ ದಾಟುತ್ತದೆ, ಬಿಡುಗಡೆಯಾದ ಮೆಮೊರಿಯ ವಿಳಾಸ ಕೊಟ್ಟರೂ ದಾಟುತ್ತದೆ, ಇವನ್ನು ಓಡುವ ಹೊತ್ತಿನಲ್ಲಿ ಪರೀಕ್ಷಿಸುವ ಉಪಾಯವೇ ಇಲ್ಲ. ಅನ್‌ಸೇಫ್ ಎಂಬ ಪದವನ್ನೇ ಬಳಸದವರ ಕೋಡಿನಿಂದ ಮೆಮೊರಿ ಕೆಡಬಾರದು ಎಂಬುದು ರಸ್ಟ್ ಕೊಟ್ಟಿರುವ ಮಾತು. ನಿಮ್ಮ ಫಂಕ್ಷನ್ ಅದನ್ನು ಮುರಿಯುತ್ತದೆ. ಕ್ಲಿಪ್ಪಿ ಕೂಡ ಸಾರ್ವಜನಿಕ ಫಂಕ್ಷನ್‌ಗಳಲ್ಲಿ ಇದನ್ನು ತಪ್ಪೆಂದೇ ಎಣಿಸುತ್ತದೆ. ಶ್ರಮ ಉಳಿಸುವ ಸರಿಯಾದ ದಾರಿ ಬೇರೆ ಇದೆ: ಲೆಕ್ಕಾಚಾರವನ್ನೆಲ್ಲ ಸ್ಲೈಸ್ ಪಡೆಯುವ ಸುರಕ್ಷಿತ ಫಂಕ್ಷನ್ನಿಗೆ ಸರಿಸಿ, ಪಾಯಿಂಟರನ್ನು ಸ್ಲೈಸ್ ಮಾಡುವ ನಾಲ್ಕು ಸಾಲಿನ ತೆಳು ಪದರವನ್ನಷ್ಟೇ ಅನ್‌ಸೇಫ್ ಆಗಿ ಉಳಿಸಿಕೊಳ್ಳಿ. ಆಗ ಕರಾರು ಒಂದೇ ಕಡೆ ಇರುತ್ತದೆ. ಮುಂದೊಂದು ದಿನ ಅದಕ್ಕೆ ಹೊಸ ಷರತ್ತು ಸೇರಿಸಬೇಕಾಗಿ ಬಂದರೆ ಅದು ಬರಿಯ ದಾಖಲೆಯ ತಿದ್ದುಪಡಿಯಲ್ಲ ಎಂಬುದೂ ನೆನಪಿರಲಿ. ಹಳೆಯ ಕರಾರನ್ನು ನಂಬಿ ಬರೆದವರ ಕೋಡ್ ಆ ದಿನದಿಂದ ತಪ್ಪಾಗುತ್ತದೆ, ಹಾಗಾಗಿ ಮುಖ್ಯ ಆವೃತ್ತಿ ಸಂಖ್ಯೆಯನ್ನೇ ಏರಿಸಬೇಕು.

ಪ್ರಶ್ನೆ: ನಮ್ಮ ತಂಡದ ಎಲ್ಲರೂ ಕನ್ನಡದವರು. ಸೇಫ್ಟಿ ದಾಖಲೆಯನ್ನು ಕನ್ನಡದಲ್ಲೇ ಬರೆಯಬಹುದೇ? — ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ ಬರೆಯಬಹುದು. ರಸ್ಟ್ ಸೋರ್ಸ್ ಫೈಲುಗಳು ಯುಟಿಎಫ್-8 ಆಗಿರುವುದರಿಂದ ಕನ್ನಡದ ಕಮೆಂಟುಗಳಿಗೆ ತಡೆಯಿಲ್ಲ, ರಸ್ಟ್‌ಡಾಕ್ ತಯಾರಿಸುವ ಪುಟಗಳಲ್ಲೂ ಅವು ಹಾಗೆಯೇ ಕಾಣುತ್ತವೆ. ತಾಯ್ನುಡಿಯಲ್ಲಿ ಕಾರಣ ಬರೆಯುವವರು ‘ಏಕೆಂದರೆ’ ಎಂಬುದನ್ನು ತಪ್ಪಿಸಿಕೊಳ್ಳುವುದು ಕಡಿಮೆ ಎಂದು ನನಗೆ ಕಂಡುಬಂದಿದೆ. ಎರಡು ಸೂಚನೆಗಳು ಮಾತ್ರ. ವಿಭಾಗದ ಶೀರ್ಷಿಕೆಯಾದ ‘ಸೇಫ್ಟಿ’ ಮತ್ತು ಬ್ಲಾಕಿನ ಟಿಪ್ಪಣಿಯ ಆರಂಭದ ಅದೇ ಪದ ಇಂಗ್ಲಿಷ್ ಲಿಪಿಯಲ್ಲೇ ಇರಲಿ, ಏಕೆಂದರೆ ಕ್ಲಿಪ್ಪಿ ಹುಡುಕುವುದು ಆ ಅಕ್ಷರಗಳನ್ನೇ. ಇನ್ನೊಂದು, ಸ್ಟ್ಯಾಂಡರ್ಡ್ ಲೈಬ್ರರಿಯ ದಾಖಲೆಯಲ್ಲಿ ‘ವ್ಯಾಲಿಡ್’, ‘ಅಲೈನ್ಡ್’, ‘ಇನಿಶಿಯಲೈಜ಼್ಡ್’ ಎಂಬ ಮೂರು ಪದಗಳಿಗೂ ಬೇರೆಬೇರೆ ಖಚಿತ ಅರ್ಥಗಳಿವೆ. ಮೂರಕ್ಕೂ ಒಂದೊಂದು ಕನ್ನಡ ಪದವನ್ನು ತಂಡದಲ್ಲಿ ಗೊತ್ತುಮಾಡಿಕೊಂಡು ಎಲ್ಲ ಕಡೆ ಅದನ್ನೇ ಬಳಸಿ. ಒಂದು ಕಡೆ ‘ಯೋಗ್ಯ’, ಇನ್ನೊಂದು ಕಡೆ ‘ಸರಿಯಾದ’, ಮತ್ತೊಂದು ಕಡೆ ‘ಮಾನ್ಯ’ ಎಂದು ಬರೆದರೆ ಮೂರೂ ಒಂದೇ ಷರತ್ತೋ ಬೇರೆಬೇರೆಯೋ ಎಂದು ಓದುವವರು ತಡಕಾಡಬೇಕಾಗುತ್ತದೆ. ಲೈಬ್ರರಿಯನ್ನು ಮುಂದೆ ಹೊರಗಿನವರಿಗೂ ಪ್ರಕಟಿಸುವ ಯೋಚನೆಯಿದ್ದರೆ ಸಾರ್ವಜನಿಕ ಫಂಕ್ಷನ್‌ಗಳ ಕರಾರನ್ನು ಈಗಲೇ ಇಂಗ್ಲಿಷಿನಲ್ಲೂ ಬರೆದಿಡಿ, ಒಳಗಿನ ರುಜುವಾತುಗಳು ಕನ್ನಡದಲ್ಲೇ ಇರಲಿ.